ಓದುಗರ ಪ್ರಶ್ನೆ: ತಂತಿ ಊರಿಗೆ ಬಂತು, ಮನೆಗೆ ಬರಲು ಮುಂಗಡ ಅಡ್ಡ

ಪ್ರಶ್ನೆ: ನಮ್ಮದು ಬಾಗೇಪಲ್ಲಿ ತಾಲ್ಲೂಕಿನ ಸಣ್ಣ ಹಳ್ಳಿ. ಮಗಳು ಬಿ.ಎಸ್ಸಿ. ಓದುತ್ತಿದ್ದಾಳೆ. ಮೊಬೈಲ್‌ನ ದಿನದ ಡೇಟಾ ಎರಡು ಪಾಠದ ವಿಡಿಯೊ ನೋಡುವಷ್ಟರಲ್ಲಿ ಮುಗಿಯುತ್ತದೆ. ಫೈಬರ್ ಸಂಪರ್ಕ ತಿಂಗಳಿಗೆ 399 ರೂಪಾಯಿ ಎಂದಿದ್ದ ಕೇಬಲ್‌ನವರು, ಹಾಕಿಸಲು ಹೋದಾಗ ಆರು ತಿಂಗಳ ಮುಂಗಡ, ಅದರ ಮೇಲೆ ಜಿಎಸ್‌ಟಿ, ಬಾಕ್ಸ್‌ಗೆ 1,500 ರೂಪಾಯಿ ಠೇವಣಿ ಕೇಳಿದರು. ಸರ್ಕಾರ ಈ ದರಕ್ಕೆ ಮಿತಿ ಹಾಕಬಾರದೇ? ನಮ್ಮಂಥವರಿಗೆ ನೆರವೇನಾದರೂ ಇದೆಯೇ?
– ಓದುಗರೊಬ್ಬರು, ಬಾಗೇಪಲ್ಲಿ ತಾಲ್ಲೂಕು

ಉತ್ತರ: ನೀವು ಬರೆದಿರುವ ಲೆಕ್ಕವನ್ನೇ ಮೊದಲು ಕೂಡಿ ನೋಡೋಣ. 399 ರೂಪಾಯಿಗೆ ಶೇ 18ರ ಜಿಎಸ್‌ಟಿ ಸೇರಿದರೆ ತಿಂಗಳಿಗೆ ಸುಮಾರು 471, ಆರು ತಿಂಗಳಿಗೆ 2,825, ಠೇವಣಿಯೂ ಸೇರಿ 4,325 ರೂಪಾಯಿ. ಕರ್ನಾಟಕದಲ್ಲಿ 2025–26ರ ಉದ್ಯೋಗ ಖಾತರಿ ದಿನಗೂಲಿ 370 ರೂಪಾಯಿ. ಆ ಲೆಕ್ಕದಲ್ಲಿ ಇದು ಹೆಚ್ಚುಕಡಿಮೆ ಹನ್ನೆರಡು ದಿನದ ಕೂಲಿ, ಅದೂ ಒಂದೇ ಸಲಕ್ಕೆ ಕೈಬಿಡಬೇಕಾದ ಹಣ. ನಮ್ಮ ದೇಶದಲ್ಲಿ ಇಂಟರ್ನೆಟ್ ಬಹಳ ಅಗ್ಗ ಎನ್ನುವವರು ಒಂದು ಜಿ.ಬಿ.ಯ ಬೆಲೆಯನ್ನಷ್ಟೇ ನೋಡುತ್ತಾರೆ. ಡೇರಿಯ ಬಟವಾಡೆಯಲ್ಲಿ ಸಂಸಾರ ತೂಗಿಸುವ ಮನೆಗೆ ತಿಂಗಳ ದರಕ್ಕಿಂತ ಈ ಮುಂಗಡವೇ ದೊಡ್ಡ ಅಡ್ಡಿ.

ದರಕ್ಕೆ ಮಿತಿ ಹಾಕುವ ಅಧಿಕಾರ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ಗೆ ಇದೆ. ಆದರೆ ಸ್ಪರ್ಧೆಯೇ ದರವನ್ನು ಹತೋಟಿಯಲ್ಲಿಡುತ್ತದೆ ಎಂಬ ನಂಬಿಕೆಯಿಂದ ಅದು ಬ್ರಾಡ್‌ಬ್ಯಾಂಡ್ ದರವನ್ನು ಬಹುಮಟ್ಟಿಗೆ ಕಂಪನಿಗಳ ತೀರ್ಮಾನಕ್ಕೇ ಬಿಟ್ಟಿದೆ. ನಾಲ್ಕಾರು ಕಂಪನಿಗಳ ತಂತಿ ಹಾದುಹೋಗುವ ಬೆಂಗಳೂರಿನ ಬೀದಿಯಲ್ಲಿ ಈ ನಂಬಿಕೆ ನಡೆಯುತ್ತದೆ. ಒಬ್ಬರೇ ಕೇಬಲ್‌ನವರಿರುವ, ಮನೆಗಳು ಚದುರಿರುವ ಹಳ್ಳಿಯಲ್ಲಿ ನಡೆಯುವುದಿಲ್ಲ. ಹಾಗೆಂದು ಅವರನ್ನೇ ದೂರುವುದೂ ನ್ಯಾಯವಲ್ಲ, ಏಕೆಂದರೆ ತಂತಿಗೂ ಬಾಕ್ಸಿಗೂ ಹಾಕಿದ ಬಂಡವಾಳವನ್ನು ಅವರು ಕೆಲವೇ ಮನೆಗಳಿಂದ ಹಿಂದಕ್ಕೆ ಪಡೆಯಬೇಕು.

ಈ ಕೊರತೆ ತುಂಬಲೆಂದೇ ಒಂದು ನಿಧಿ ಇದೆ. ದೂರಸಂಪರ್ಕ ಕಂಪನಿಗಳು ತಮ್ಮ ಹೊಂದಾಣಿಕೆ ಮಾಡಿದ ಒಟ್ಟು ಆದಾಯದ (ಅಂದರೆ ನಿಯಮದಂತೆ ಕೆಲವು ಬಾಬ್ತುಗಳನ್ನು ಕಳೆದು ಉಳಿಯುವ ಆದಾಯದ) ಶೇ 5ರಷ್ಟನ್ನು ಕಟ್ಟುವ, ಈಗ ಡಿಜಿಟಲ್ ಭಾರತ್ ನಿಧಿ ಎಂದು ಕರೆಯುವ ಆ ನಿಧಿಯ ಹಣದಿಂದಲೇ, 2011ರಲ್ಲಿ ಮಂಜೂರಾಗಿ ಮುಂದೆ ಭಾರತ್‌ನೆಟ್ ಎನಿಸಿಕೊಂಡ ಯೋಜನೆಯಡಿ, ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಎಳೆಯಲಾಗಿದೆ. ಅಲ್ಲಿಂದ ಮನೆಯ ಬಾಗಿಲವರೆಗಿನ ಖರ್ಚು ಮಾತ್ರ ಮನೆಯವರ ತಲೆಗೇ ಬೀಳುತ್ತದೆ. ಗ್ರಾಮೀಣ ಗ್ರಾಹಕರ ಬ್ರಾಡ್‌ಬ್ಯಾಂಡ್ ಶುಲ್ಕದ ಅರ್ಧದಷ್ಟನ್ನು, ತಿಂಗಳಿಗೆ 200 ರೂಪಾಯಿ ಮೀರದಂತೆ, ನೇರವಾಗಿ ಅವರಿಗೇ ಮರಳಿಸುವುದನ್ನು ಪ್ರಾಯೋಗಿಕವಾಗಿ ಮಾಡಿ ನೋಡಬೇಕೆಂದು ಟ್ರಾಯ್ 2021ರ ಆಗಸ್ಟ್‌ನಲ್ಲಿ ಶಿಫಾರಸು ಮಾಡಿತ್ತು. ಆ ನೆರವು ನಿಮ್ಮಂಥವರ ಮನೆಗೆ ಬರಲಿಲ್ಲ, ಬರಲೇಬೇಕಿತ್ತು. ಅದರ ಜೊತೆಗೆ ಬಾಕ್ಸಿನ ಠೇವಣಿಯನ್ನೂ ನಿಧಿಯೇ ಭರಿಸಿ, ಶುಲ್ಕವನ್ನು ತಿಂಗಳು ತಿಂಗಳು ಕಟ್ಟಲು ಬಿಟ್ಟರೆ ನಿಮ್ಮ ತೊಂದರೆ ಬಹುಪಾಲು ನೀಗುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಸದ್ಯಕ್ಕೆ, ಅಕ್ಕಪಕ್ಕದ ಐದಾರು ಮನೆಯವರು ಸೇರಿ ಮುಂಗಡ ಇಳಿಸುವಂತೆ ಕೇಳಿ. ಠೇವಣಿಗೆ ಬೇರೆ ರಸೀದಿ ಪಡೆದು, ಅದನ್ನು ಯಾವಾಗ ಮರಳಿಸುತ್ತಾರೆಂದು ಅದರಲ್ಲೇ ಬರೆಸಿಕೊಳ್ಳಿ. 2023ರಲ್ಲಿ ಒಪ್ಪಿಗೆಯಾದ ಪರಿಷ್ಕೃತ ಭಾರತ್‌ನೆಟ್ ಯೋಜನೆಯಲ್ಲಿ, ಪಂಚಾಯಿತಿ ಕೇಂದ್ರವಲ್ಲದ ಹಳ್ಳಿಗಳಿಗೂ ಬೇಡಿಕೆ ಇದ್ದರೆ ಸಂಪರ್ಕ ಕೊಡಲು ಅವಕಾಶವಿದೆ. ಆದ್ದರಿಂದ ಗ್ರಾಮಸಭೆಯಲ್ಲಿ ಬೇಡಿಕೆ ಇಟ್ಟು ನಡಾವಳಿಗೆ ಸೇರಿಸಿ. ಅಲ್ಲಿಯವರೆಗೆ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಮಗಳು ಪಾಠದ ವಿಡಿಯೊಗಳನ್ನು ಇಳಿಸಿಕೊಳ್ಳಲು ಸಾಧ್ಯವೇ ಎಂದು ಮೇಲ್ವಿಚಾರಕರನ್ನು ವಿಚಾರಿಸಿ.

ಪ್ರಶ್ನೆ: ಅಮ್ಮನದು ಗುಂಡಿ ಒತ್ತುವ ಹಳೆಯ ಫೋನ್. ಅವರಿಗೂ ಡೇಟಾ ಸೇರಿದ ರೀಚಾರ್ಜನ್ನೇ ಹಾಕಿಸಬೇಕೇ?
– ಓದುಗರೊಬ್ಬರು, ಶಿಡ್ಲಘಟ್ಟ

ಉತ್ತರ: ಬೇಕಿಲ್ಲ. ಕರೆ ಮತ್ತು ಎಸ್‌ಎಂಎಸ್‌ಗಷ್ಟೇ ಸೀಮಿತವಾದ ಒಂದು ರೀಚಾರ್ಜ್ ಆದರೂ ಪ್ರತಿ ಕಂಪನಿಯಲ್ಲಿ ಇರಲೇಬೇಕೆಂದು ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ಮಾಡಿದೆ. ಅಂಗಡಿಯವರು ತಾವಾಗಿ ಅದನ್ನು ತೋರಿಸದಿದ್ದರೆ ನೀವೇ ಕೇಳಿ. ಹಣ ಕೊಡುವ ಮುನ್ನ ಅದರ ಅವಧಿಯನ್ನೂ ನೋಡಿಕೊಳ್ಳಿ.