ಆಟದ ಗುರ್ ಯಾವುದು, ಜಗಳದ ಗುರ್ ಯಾವುದು?

ಪ್ರಶ್ನೆ: ನಮ್ಮ ಮನೆಯ ಎರಡು ವರ್ಷದ ಪೊಮೆರೇನಿಯನ್‌ ನಾಯಿಗೆ ಜೊತೆಯಾಗಲಿ ಎಂದು ಐದು ತಿಂಗಳ ಇನ್ನೊಂದು ಮರಿ ತಂದಿದ್ದೇವೆ. ಎರಡೂ ದಿನವಿಡೀ ಗುರುಗುಟ್ಟುತ್ತವೆ, ಹಲ್ಲು ತೋರಿಸುತ್ತವೆ, ಒಂದರ ಕುತ್ತಿಗೆ ಇನ್ನೊಂದು ಹಿಡಿದು ಎಳೆದಾಡುತ್ತವೆ. ಆಟವೋ ಜಗಳವೋ ತಿಳಿಯದೆ ಪ್ರತಿ ಸಲವೂ ಬಿಡಿಸುತ್ತೇವೆ. ಇದು ಸರಿಯೇ?

ಉತ್ತರ: ಗುರುಗುಟ್ಟುವುದು, ಹಲ್ಲು ಕಾಣುವುದು, ಕುತ್ತಿಗೆ ಹಿಡಿಯುವುದು ಈ ಮೂರೂ ಆಟದಲ್ಲೂ ಇರುತ್ತವೆ, ಜಗಳದಲ್ಲೂ ಇರುತ್ತವೆ. ಅವುಗಳಿಂದಷ್ಟೇ ಏನೂ ಗೊತ್ತಾಗುವುದಿಲ್ಲ. ಸದ್ದಿಗೆ ಬೆಚ್ಚದೆ ಮೈ ನೋಡಿ.

ಆಟವಾಡುವ ನಾಯಿಯ ಮೈ ಸಡಿಲ. ಬೆನ್ನು ಬಳುಕುತ್ತದೆ, ಸೊಂಟ ಅತ್ತಿತ್ತ ಓಲಾಡುತ್ತದೆ, ಬೇಕಾದ್ದಕ್ಕಿಂತ ಹೆಚ್ಚು ನೆಗೆದು ಕುಣಿಯುತ್ತದೆ. ಬಾಯಿ ಅಗಲವಾಗಿ ತೆರೆದು ನಾಲಿಗೆ ಜೋತಿರುತ್ತದೆ. ಮುಂಗಾಲುಗಳನ್ನು ಮೊಣಕೈವರೆಗೆ ನೆಲಕ್ಕೆ ಚಾಚಿ, ಹಿಂಭಾಗ ಮೇಲೆತ್ತಿ ಒಂದು ಕ್ಷಣ ನಿಂತು ಓಡುವುದನ್ನು ನೀವು ಕಂಡಿರಬಹುದು. ಆಟಕ್ಕೆ ಕರೆಯುವ ಭಂಗಿ ಅದು. ಶುರುವಿನಲ್ಲಷ್ಟೇ ಅಲ್ಲ, ನಡುನಡುವೆಯೂ, ಕಚ್ಚಿದ್ದು ಕೊಂಚ ಜೋರಾದಾಗಲೂ ಮತ್ತೆ ಬರುತ್ತದೆ: ‘ಇದು ಆಟವೇ, ತಪ್ಪು ತಿಳಿಯಬೇಡ’ ಎನ್ನುವ ಹಾಗೆ. ಕೆಲವು ನಾಯಿಗಳು ಆಟದ ಮಧ್ಯೆ ಪದೇಪದೇ ಸೀನುತ್ತವೆ, ಅದು ಶೀತವಲ್ಲ.

ಬಲವಿದ್ದದ್ದು ಸೋಲಲು ಒಪ್ಪುತ್ತದೆಯೇ ನೋಡಿ. ದೊಡ್ಡದು ತಾನಾಗಿ ಅಂಗಾತ ಬಿದ್ದು ಮರಿಗೆ ಮೇಲೇರಲು ಬಿಟ್ಟರೆ, ಅಟ್ಟಿಸಿಕೊಂಡು ಹೋದದ್ದು ಆಮೇಲೆ ತಾನೇ ಓಡಿದರೆ, ನೆಮ್ಮದಿಯಿಂದಿರಿ. ಸರದಿ ಸಮಸಮ ಆಗಬೇಕೆಂದೇನೂ ಇಲ್ಲ. ಆಗಾಗ ಎರಡೂ ಬಿಟ್ಟು ನಿಂತು, ಮೈ ಕೊಡವಿ, ನೆಲ ಮೂಸಿ ಮತ್ತೆ ಶುರುಮಾಡಬೇಕು. ಇಂಥ ಬಿಡುವು ಇಲ್ಲದ ಆಟ ಕಾವು ಹೆಚ್ಚಿ ಜಗಳವಾಗಬಹುದು. ಎರಡು ಮೂರು ನಿಮಿಷವಾದರೂ ಬಿಡುವು ಕಾಣದಿದ್ದರೆ ನೀವೇ ಕರೆದು ನಿಲ್ಲಿಸಿ.

ಜಗಳಕ್ಕೆ ಮೊದಲು ಬರುವುದು ಗದ್ದಲವಲ್ಲ, ಸ್ತಬ್ಧತೆ. ಕುಣಿಯುತ್ತಿದ್ದ ಮೈ ಒಂದು ಸೆಕೆಂಡ್ ಕಲ್ಲಾಗುತ್ತದೆ. ತೆರೆದ ಬಾಯಿ ಮುಚ್ಚುತ್ತದೆ. ಭಾರ ಮುಂಗಾಲಿಗೆ ಬೀಳುತ್ತದೆ, ಕಣ್ಣು ಎದುರಿನದರ ಮೇಲೆ ನೆಡುತ್ತದೆ, ಮೂಗಿನ ಮೇಲೆ ಸುಕ್ಕೆದ್ದು ಮುಂದಿನ ಹಲ್ಲು ಕಾಣುತ್ತದೆ. ಆಟದ ಕಡಿತ ಜಾಗ ಬದಲಿಸುತ್ತಿರುತ್ತದೆ. ಸಿಟ್ಟಿನದು ಒಂದೇ ಕಡೆ ಬಿಗಿಹಿಡಿದು ಜಾಡಿಸುತ್ತದೆ. ಬಿಡಿಸಬೇಕಾದದ್ದು ಆ ಸ್ತಬ್ಧ ಕ್ಷಣದಲ್ಲಿ. ಆಮೇಲೆ ತಡವಾಗುತ್ತದೆ.

ಅನುಮಾನವಿದ್ದರೆ ಹೀಗೆ ಪರೀಕ್ಷಿಸಿ. ಮೇಲೆ ಬೀಳುತ್ತಿರುವುದನ್ನು ಎದೆಯ ಹತ್ತಿರ ಮೆಲ್ಲಗೆ ಹಿಡಿದು ಮೂರರಿಂದ ಐದು ಸೆಕೆಂಡ್ ನಿಲ್ಲಿಸಿ. ಕೆಳಗಿದ್ದದ್ದು ತಿರುಗಿ ಬಂದು ಕೆಣಕಿದರೆ ಅದಕ್ಕೂ ಆಟ ಬೇಕಾಗಿದೆ, ಬಿಟ್ಟುಬಿಡಿ. ಕುರ್ಚಿಯಡಿಗೆ ಸರಿದರೆ, ಮುಖ ತಿರುಗಿಸಿ ತುಟಿ ನೆಕ್ಕಿಕೊಂಡರೆ ಅದಕ್ಕೆ ಸಾಕಾಗಿದೆ. ಕಾಲರ್ ಹಿಡಿದು ಎಳೆಯಬೇಡಿ. ಪೊಮೆರೇನಿಯನ್‌ನಂಥ ಪುಟ್ಟ ತಳಿಗಳ ಶ್ವಾಸನಾಳ ಮೆತ್ತಗಾಗಿ ಕುಸಿಯುವುದುಂಟು; ಅವಕ್ಕೆ ಎದೆಗೆ ತೊಡಿಸುವ ಪಟ್ಟಿ, ಅಂದರೆ ಹಾರ್ನೆಸ್ಸೇ ಸರಿ.

ಐದು ತಿಂಗಳು ಹಾಲುಹಲ್ಲು ಬೀಳುವ ಕಾಲ. ವಸಡು ನವೆಯಾಗಿ ಮರಿ ಹೆಚ್ಚು ಕಚ್ಚುತ್ತದೆ. ದೊಡ್ಡದು ಒಮ್ಮೆ ಗದರಿ, ಗಾಳಿಯಲ್ಲಿ ಬಾಯಿ ಹಾಕಿ, ಮರಿ ಹಿಂದೆ ಸರಿದ ಕೂಡಲೇ ಸುಮ್ಮನಾದರೆ ಅದು ಪಾಠ, ದೊಡ್ಡದನ್ನು ಬೈಯಬೇಡಿ. ಮರಿ ಕೇಳದಿದ್ದರೆ ಮರಿಯನ್ನೇ ಆಚೆ ಒಯ್ಯಿರಿ. ಇನ್ನೊಂದು ಮಾತು, ಪೊಮೆರೇನಿಯನ್‌ನ ಬಾಲ ಸದಾ ಬೆನ್ನ ಮೇಲೆ ಸುರುಳಿಯಾಗಿರುತ್ತದೆ, ದಟ್ಟ ತುಪ್ಪಳದಲ್ಲಿ ನಿಮಿರಿದ ಕೂದಲೂ ಕಾಣುವುದಿಲ್ಲ. ಬಾಲಕ್ಕಿಂತ ಬಾಯಿಯನ್ನು ನಂಬಿ.

ಪ್ರಶ್ನೆ: ನಮ್ಮ ಪಗ್ ಸ್ನೇಹದಿಂದಲೇ ಹತ್ತಿರ ಹೋಗುತ್ತದೆ, ಆದರೂ ಬೇರೆ ನಾಯಿಗಳು ಅದನ್ನು ಕಂಡರೆ ಸಿಡುಕುತ್ತವೆ. ಯಾಕೆ?

ಉತ್ತರ: ಅದರ ಮುಖ ಬೇರೆ ನಾಯಿಗಳಿಗೆ ಗೊಂದಲ ಉಂಟುಮಾಡಬಹುದು. ಹಣೆಯ ಮಡಿಕೆ ಸಿಟ್ಟಿನ ಸುಕ್ಕಿನಂತೆ ಕಾಣುತ್ತದೆ, ಉಬ್ಬಿದ ಕಣ್ಣು ಕೆಕ್ಕರಿಸಿದಂತೆ, ಉಸಿರಾಟದ ಸದ್ದು ಗುರುಗುಟ್ಟಿದಂತೆ. ನೇರ ಎದುರಿಗೆ ಬಿಡದೆ, ಬಿಲ್ಲಿನಂತೆ ಬಾಗಿದ ದಾರಿಯಲ್ಲಿ ಪಕ್ಕದಿಂದ ಭೇಟಿ ಮಾಡಿಸಿ, ಮೂರು ಸೆಕೆಂಡಿಗೆ ಈಚೆ ಕರೆಯಿರಿ. ಶಿಟ್ಜುವಿನಂಥ ತಳಿಗಳಲ್ಲಿ ಕಣ್ಣ ಮೇಲಿನ ಕೂದಲು ಕತ್ತರಿಸಿದರೆ ತೊಂದರೆ ಕಡಿಮೆಯಾಗಬಹುದು.

ಪ್ರಶ್ನೆ: ನಾಲ್ಕು ಕೆ.ಜಿ. ತೂಕದ ನಮ್ಮ ನಾಯಿ ಪಕ್ಕದ ಮನೆಯ ಮೂವತ್ತು ಕೆ.ಜಿ. ನಾಯಿಯೊಂದಿಗೆ ಆಡಬಹುದೇ? ಅದು ತುಂಬ ಸಾಧು.

ಉತ್ತರ: ಸಾಧುತನಕ್ಕೆ ತೂಕ ಕಡಿಮೆ ಮಾಡಲು ಬರುವುದಿಲ್ಲ. ಅಕ್ಕರೆಯಿಂದ ಇಟ್ಟ ಪಂಜವೇ ಪುಟ್ಟ ಬೆನ್ನುಮೂಳೆಗೆ ಪೆಟ್ಟು. ಡ್ಯಾಷ್‌ಹೌಂಡ್‌ನಂಥ ಉದ್ದ ಬೆನ್ನಿನ ನಾಯಿಗೆ ಇನ್ನೂ ಅಪಾಯ. ಅಷ್ಟೇ ಅಲ್ಲ. ಚಿಕ್ಕದು ಓಡುತ್ತ ಕೀಚ್ ಎಂದಾಗ ದೊಡ್ಡದರಲ್ಲಿ ಬೇಟೆಯ ಚಾಳಿ ಎಚ್ಚರಗೊಳ್ಳಬಹುದು. ಆಗ ಗುರುಗುಟ್ಟುವಿಕೆಯಾಗಲಿ ಎಚ್ಚರಿಕೆಯಾಗಲಿ ಇರುವುದಿಲ್ಲ, ಹಿಡಿದೇಬಿಡುತ್ತದೆ. ಹಾಗಾಗಿ ಅಟ್ಟಿಸಿಕೊಂಡು ಓಡುವ ಆಟ ಬೇಡವೇ ಬೇಡ. ದೊಡ್ಡದು ತಾನೇ ಮಲಗಿ ಆಡುವಂತಿದ್ದರೆ, ಒಬ್ಬರು ಕೈಯಳತೆಯಲ್ಲಿ ಕೂತು, ಐದು ನಿಮಿಷ ಆಡಿಸಿ. ಚಿಕ್ಕದಕ್ಕೆ ಮಾತ್ರ ನುಗ್ಗಲಾಗುವ ಒಂದು ಮರೆ ಇರಲಿ.

ಪ್ರಶ್ನೆ: ತೊಡೆಯ ಮೇಲೆ ಕೂತಾಗ ನಮ್ಮ ನಾಯಿ ಮನೆಯವರಿಗೇ ಗುರ್ ಎನ್ನುತ್ತದೆ. ಪುಟ್ಟದಲ್ಲವೇ ಎಂದು ಎಲ್ಲರೂ ನಗುತ್ತಾರೆ.

ಉತ್ತರ: ದಯವಿಟ್ಟು ನಗಬೇಡಿ, ಗದರಲೂ ಬೇಡಿ. ಈ ಗುರ್ ಆಟದ್ದಲ್ಲ, ಕಚ್ಚುವ ಮೊದಲಿನ ಎಚ್ಚರಿಕೆ. ಅದನ್ನು ಹೊಡೆದು ನಿಲ್ಲಿಸಿದರೆ ಮುಂದೆ ಎಚ್ಚರಿಕೆಯಿಲ್ಲದೆ ಕಚ್ಚಬಹುದು. ಗುರ್ ಎಂದ ಕೂಡಲೇ ಮಾತಿಲ್ಲದೆ ಎದ್ದು ನಿಲ್ಲಿ, ನಾಯಿ ತಾನೇ ಕೆಳಗಿಳಿಯುತ್ತದೆ. ಬೇರೆ ವೇಳೆಯಲ್ಲಿ ಮನೆಯವರು ದೂರದಿಂದಲೇ ತಿನಿಸಿನ ಚೂರು ಎಸೆದು ಹಿಂದಿರುಗಲಿ. ದಿನಕ್ಕೆ ಹತ್ತು ಸಲ, ದಿನದಿನಕ್ಕೂ ಒಂದೊಂದು ಹೆಜ್ಜೆ ಹತ್ತಿರ. ಹಿಂದೆಂದೂ ಇಲ್ಲದ ಸಿಡುಕು ಇದ್ದಕ್ಕಿದ್ದಂತೆ ಬಂದಿದ್ದರೆ ಮೊದಲು ಪಶುವೈದ್ಯರಿಗೆ ತೋರಿಸಿ. ಸಣ್ಣ ತಳಿಗಳಲ್ಲಿ ಹಲ್ಲಿನ ನೋವು, ಮಂಡಿಚಿಪ್ಪು ಜಾರುವುದು ಸಾಮಾನ್ಯ, ಎತ್ತಿಕೊಳ್ಳುವಾಗಲೇ ನೋಯುತ್ತದೆ.

ಪ್ರಶ್ನೆ: ನಿಜವಾಗಿಯೂ ಕಚ್ಚಾಡುತ್ತಿದ್ದರೆ ಬಿಡಿಸುವುದು ಹೇಗೆ?

ಉತ್ತರ: ನಡುವೆ ಕೈ ಹಾಕಬೇಡಿ. ಪಾತ್ರೆ ಬಡಿಯಿರಿ, ನೀರು ಎರಚಿ, ದಪ್ಪ ಕಂಬಳಿ ಮುಚ್ಚಿ, ದಿಂಬನ್ನೋ ಹಲಗೆಯನ್ನೋ ಮಧ್ಯೆ ತೂರಿಸಿ. ಕಚ್ಚಿ ಹಿಡಿದಿದ್ದರೆ ಎಳೆಯಬಾರದು, ಗಾಯ ಹರಿಯುತ್ತದೆ. ಚಿಕ್ಕದನ್ನು ತಲೆಯೆತ್ತರಕ್ಕೆ ಎತ್ತಿದರೆ ಇನ್ನೊಂದು ನಿಮ್ಮ ಮೇಲೆಯೇ ನೆಗೆಯುತ್ತದೆ. ಬೇರೆಯಾದ ಮೇಲೆ ಬೇರೆಬೇರೆ ಕೋಣೆಯಲ್ಲಿ ಬಿಡಿ.

ಆಮೇಲೆ ಕೂದಲು ಬಿಡಿಸಿ ಬಿಡಿಸಿ ಚರ್ಮ ನೋಡಿ. ಮೇಲೆ ಸೂಜಿಮೊನೆಯಷ್ಟು ತೂತಿದ್ದರೂ ಒಳಗೆ ಸ್ನಾಯು ಹರಿದಿರಬಹುದು, ಕೀವಾಗುತ್ತದೆ. ಅಂದೇ ವೈದ್ಯರ ಬಳಿಗೆ ಒಯ್ಯಿರಿ. ಪಗ್, ಶಿಟ್ಜುಗಳ ಕಣ್ಣುಗೂಡು ಆಳವಿಲ್ಲದ್ದರಿಂದ ಗುಡ್ಡೆಯೇ ಹೊರಬರುವುದುಂಟು. ಒಳಗೆ ತಳ್ಳದೆ, ಶುದ್ಧ ಒದ್ದೆಬಟ್ಟೆ ಮುಚ್ಚಿ ತಕ್ಷಣ ಓಡಿ. ಮನುಷ್ಯರಿಗೆ ಹಲ್ಲು ತಾಗಿದ್ದರೆ ಗಾಯವನ್ನು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ರೇಬೀಸ್ ಲಸಿಕೆಯ ಬಗ್ಗೆ ಅದೇ ದಿನ ವೈದ್ಯರನ್ನು ಕೇಳಿ. ಗೀರು ಚಿಕ್ಕದು, ಮನೆಯದೇ ನಾಯಿ ಎಂದು ಮುಂದೂಡಬೇಡಿ.