ಹಾಡು ಹಚ್ಚಿಟ್ಟರೆ ಸಾಲದು

ಓದುಗರ ಪತ್ರ:

"ನಮ್ಮ ಅತ್ತೆಗೆ 78 ವರ್ಷ. ಆಲ್‌ಝೈಮರ್ ಎಂದು ಡಾಕ್ಟರು ಹೇಳಿ ನಾಲ್ಕು ವರ್ಷವಾಯಿತು. ಈಗ ಮಾತು ಹೆಚ್ಚುಕಡಿಮೆ ನಿಂತೇ ಹೋಗಿದೆ. 'ಬಾ', 'ಬ್ಯಾಡ' ಇಷ್ಟೇ. ಭಕ್ತಿಗೀತೆ ಹಚ್ಚಿಡ್ರಿ, ಶಾಂತ ಆಗ್ತಾರ ಎಂದು ಯಾರೋ ಹೇಳಿದ್ದಕ್ಕೆ ಬ್ಲೂಟೂತ್ ಸ್ಪೀಕರ್ ತಂದು ಬೆಳಗ್ಗೆಯಿಂದ ಸಂಜೆತನಕ ಹಚ್ಚಿದೆವು. ಮೊದಲೆರಡು ದಿನ ಸುಮ್ಮನಿದ್ದರು. ಈಗ ಸಂಜೆ ಐದೂವರೆ ಆಯಿತೆಂದರೆ ಕೂಗುತ್ತಾರೆ, ಸೆರಗು ಎಳೆದಾಡುತ್ತಾರೆ. ಜಳಕ ಮಾಡಿಸುವಾಗ ಹೊಡೆಯುತ್ತಾರೆ. ಆದರೆ ಮೊಮ್ಮಗ ಚಪ್ಪಾಳೆ ತಟ್ಟಿದರೆ ತಾವೂ ತಟ್ಟುತ್ತಾರೆ. ಹಾಡಿನಿಂದಲೇ ತೊಂದರೆ ಆಯಿತೇ? ಮಾತಿಲ್ಲದವರಿಗೆ ಏನು ಬೇಕೆಂದು ತಿಳಿಯುವುದು ಹೇಗೆ? ಈ ವಯಸ್ಸಿನಲ್ಲಿ ಕೈಕಾಲು ಆಡಿಸಬಹುದೇ? ಐದು ನಿಮಿಷಕ್ಕೆ ಮರೆಯುವವರಿಗೆ ಇದೆಲ್ಲ ಯಾಕೆ ಎಂದು ಮನೆಯವರು ಕೇಳುತ್ತಾರೆ."

(ಹಾವೇರಿ ಜಿಲ್ಲೆಯ ಓದುಗರು. ಅವರ ಕೋರಿಕೆಯಂತೆ ಹೆಸರು ಕೊಟ್ಟಿಲ್ಲ.)

ಸಂಪಾದಕರ ಉತ್ತರ:

ಆತ್ಮೀಯ ಸಹೋದರಿ,

ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿಯನ್ನು ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ಮೊಮ್ಮಗ ತಟ್ಟಿದರೆ ಅವರೂ ತಟ್ಟುತ್ತಾರೆ. ಅಂದರೆ ಅವರು ಇನ್ನೂ ಮಾತಿಗೆ ಮಾತು ಕೊಡುತ್ತಿದ್ದಾರೆ, ಕೈಯಿಂದ ಕೊಡುತ್ತಿದ್ದಾರೆ. ಸ್ಪೀಕರ್ ಆ ಚಪ್ಪಾಳೆಗೆ ಪ್ರತಿಯಾಗಿ ಏನನ್ನೂ ಕೊಡಲಾರದು. ಹುಡುಗ ಕೊಡುತ್ತಾನೆ. ಈ ಉತ್ತರದಲ್ಲಿ ನಾವು ಹೇಳುವುದೆಲ್ಲ ಆ ವ್ಯತ್ಯಾಸದ ಸುತ್ತಲೇ ಇದೆ.

ಹಾಡಿನಿಂದ ತೊಂದರೆ ಆಯಿತೇ ಎಂಬ ಪ್ರಶ್ನೆಗೆ ನಮ್ಮ ಉತ್ತರ: ಹಚ್ಚಿಟ್ಟ ರೀತಿಯಿಂದ ಆಗಿರುವ ಸಾಧ್ಯತೆ ಬಹಳ. ಬೇಡದ ಸದ್ದನ್ನು ಹಿಂದಕ್ಕೆ ಸರಿಸಿ ಬೇಕಾದ ಸದ್ದನ್ನು ಮಾತ್ರ ಆರಿಸಿಕೊಳ್ಳುವ ಕೆಲಸ ಮಿದುಳಿನದು. ಈ ಕಾಯಿಲೆಯಲ್ಲಿ ಆ ಶಕ್ತಿ ಕುಂದುತ್ತದೆ. ಮಿಕ್ಸರ್, ಟಿವಿ, ಬಾಗಿಲ ಸದ್ದು, ನಿಮ್ಮ ಮಾತು, ಇವೆಲ್ಲದರ ಮೇಲೆ ಹತ್ತು ತಾಸು ಹಾಡು ಸೇರಿದರೆ ಅವರಿಗೆ ಅದು ಬರೀ ಗದ್ದಲ. ಸಂಜೆ ಹೊತ್ತಿಗೆ ದಣಿದಿರುತ್ತಾರೆ. ಬೆಳಕು ಕುಗ್ಗಿ ನೆರಳು ಉದ್ದವಾಗುವ ಆ ಸಮಯದಲ್ಲಿ ಗಾಬರಿ ಹೆಚ್ಚಾಗುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ಮೊಬೈಲಿನಲ್ಲಿ ಹಾಡಿನ ನಡುವೆ ಬರುವ ಜಾಹೀರಾತಿನ ದನಿಯನ್ನೂ ಗಮನಿಸಿ. ಹಾಡಿಗಿಂತ ಜೋರಾಗಿ, ಯಾರೋ ಅಪರಿಚಿತರು ಮನೆಯೊಳಗೆ ನಿಂತು ಕೂಗಿದಂತೆ ಬರುತ್ತದೆ. ಹಾಡುಗಳನ್ನು ಪೆನ್‌ಡ್ರೈವಿಗೆ ಅಥವಾ ಮೆಮೊರಿ ಕಾರ್ಡಿಗೆ ಹಾಕಿಸಿಕೊಂಡರೆ ಈ ಕಾಟ ತಪ್ಪುತ್ತದೆ.

ಹಾಡಿನ ಜತೆ ಹೊತ್ತೂ ಸಂದರ್ಭವೂ ಅಂಟಿಕೊಂಡಿರುತ್ತವೆ. ಸುಪ್ರಭಾತವನ್ನು ಸಂಜೆ ಹಚ್ಚಿದರೆ ಬೆಳಗಾಯಿತೆಂದು ತಿಳಿದು ಅಂಗಳಕ್ಕೆ ನೀರು ಹಾಕಲು ಎದ್ದು ಹೊರಡಬಹುದು. ಶಹನಾಯಿ ಕೇಳಿದರೆ ಮದುವೆಮನೆಗೆ ತಯಾರಾಗುವ ಆತುರ ಹುಟ್ಟಬಹುದು. ನಿಮ್ಮ ಭಾಗದಲ್ಲಿ ಸಾವಾದ ಮನೆಯಲ್ಲಿ ರಾತ್ರಿಯಿಡೀ ಭಜನೆ ಮಾಡುವ ರೂಢಿ ಇದೆ. ತಾಳದ ಸದ್ದಿನ ಭಜನೆ ಕತ್ತಲಾಗುವಾಗ ಕಿವಿಗೆ ಬಿದ್ದರೆ ಅತ್ತೆಯವರಿಗೆ ಏನು ನೆನಪಾಗುತ್ತದೋ ಯೋಚಿಸಿ. ವಯಸ್ಸಾದವರಿಗೆ ಭಕ್ತಿಗೀತೆಯೇ ಇಷ್ಟ ಎನ್ನುವುದು ಕಿರಿಯರ ಊಹೆ.

ಹಾಗಾದರೆ ಯಾವ ಹಾಡು? ಅತ್ತೆಯವರು ಹುಟ್ಟಿದ್ದು 1947ರ ಆಸುಪಾಸು. ಹತ್ತರಿಂದ ಇಪ್ಪತ್ತೈದರ ವಯಸ್ಸಿನಲ್ಲಿ ಕೇಳಿದ, ಹಾಡಿದ ಹಾಡು ಸಾಮಾನ್ಯವಾಗಿ ಎಲ್ಲಕ್ಕಿಂತ ಗಟ್ಟಿಯಾಗಿ ಉಳಿಯುತ್ತದೆ. ಇವರ ಮಟ್ಟಿಗೆ ಅದು 1957ರಿಂದ 1972. ಧಾರವಾಡ ಆಕಾಶವಾಣಿ 1950ರಲ್ಲಿ, ವಿವಿಧ ಭಾರತಿ 1957ರಲ್ಲಿ ಶುರುವಾದವು. ತವರಿನಲ್ಲಿ ರೇಡಿಯೊ ಇತ್ತೇ? ಇಲ್ಲವಾದರೆ ಹಾಡು ಬಂದದ್ದು ಬೀಸುಕಲ್ಲಿನ ಮುಂದಿನಿಂದ, ಹೊಲದಿಂದ, ಮದುವೆಯ ಸೋಬಾನದಿಂದ, ಮಠದ ವಚನ-ತತ್ವಪದಗಳಿಂದ, ಊರ ಬಯಲಾಟದಿಂದ, ತೊಟ್ಟಿಲ ಪದದಿಂದ. ಇದನ್ನು ನಿಮ್ಮ ಯಜಮಾನರಿಗಿಂತ ಅತ್ತೆಯವರ ತಂಗಿ, ತಮ್ಮ ಅಥವಾ ತವರೂರಿನ ಗೆಳತಿ ಚೆನ್ನಾಗಿ ಹೇಳಬಲ್ಲರು. ಮಕ್ಕಳು ತಾಯಿಯನ್ನು ಕಂಡದ್ದು ಆಕೆ ಹಾಡು ಬಿಟ್ಟ ಮೇಲೆ. ತಂಗಿಗೆ ಫೋನಿನಲ್ಲಿ ಎರಡು ಸಾಲು ಹಾಡಲು ಹೇಳಿ ರೆಕಾರ್ಡ್ ಮಾಡಿಕೊಳ್ಳಿ. ಪೇಟೆಯಲ್ಲಿ ಸಿಗುವ ಯಾವ ಧ್ವನಿಮುದ್ರಿಕೆಗಿಂತಲೂ ಅದು ಹೆಚ್ಚು ಬೆಲೆಬಾಳುತ್ತದೆ.

ಎಂಟು ಹತ್ತು ಹಾಡು ಸಿಕ್ಕರೆ ಸಾಕು. ಒಂದು ಹೊತ್ತಿಗೆ ಒಂದೇ ಹಾಡನ್ನು ಎರಡು ಮೂರು ನಿಮಿಷ ಕೇಳಿಸಿ ಅವರನ್ನು ನೋಡಿ. ಕಣ್ಣು ನಿಮ್ಮ ಕಡೆ ತಿರುಗಿತೇ, ಹುಬ್ಬು ಸಡಿಲಾಯಿತೇ, ಕಾಲ್ಬೆರಳು ಆಡಿತೇ, ಉಸಿರು ನಿಧಾನವಾಯಿತೇ, ಗಂಟಲಲ್ಲಿ ಗುಂಯ್ ಎಂದರೇ? ಇಲ್ಲ, ಮುಷ್ಟಿ ಬಿಗಿಯಿತೇ, ಮುಖ ತಿರುಗಿಸಿದರೇ, ಬಾಗಿಲು ನೋಡಲು ಶುರುಮಾಡಿದರೇ? ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ದಿನ, ಹೊತ್ತು, ಹಾಡು, ಕಂಡದ್ದು ಎಂದು ಗೆರೆ ಹಾಕಿ ಬರೆದಿಡಿ. ಒಂದು ದಿನ ಒಲ್ಲೆ ಎಂದ ಮಾತ್ರಕ್ಕೆ ಹಾಡನ್ನು ಬಿಡಬೇಡಿ, ಅವತ್ತು ಹೊಟ್ಟೆ ನೋವಿದ್ದಿರಬಹುದು. ಮೂರು ಬೇರೆ ಬೇರೆ ದಿನ ನೋಡಿ ತೀರ್ಮಾನಿಸಿ. ಕಣ್ಣೀರು ಬಂದರೆ ಹೆದರಿ ನಿಲ್ಲಿಸುವವರೇ ಹೆಚ್ಚು. ಭುಜ ಸಡಿಲವಾಗಿದ್ದು, ನೀವು ಹಿಡಿದ ಕೈಯನ್ನು ಅವರೂ ಹಿಡಿದಿದ್ದರೆ ಅಳಲಿ, ಜತೆಗಿರಿ. ಅಳುವಿನೊಂದಿಗೆ ಮೈ ಬಿಗಿದರೆ ಮಾತ್ರ ಹಾಡು ನಿಲ್ಲಿಸಿ.

ಇನ್ನು ಹೊತ್ತು. ಅಮೆರಿಕದ ದಾದಿ-ಸಂಶೋಧಕಿ ಲಿಂಡಾ ಗರ್ಡ್‌ನರ್ ವ್ಯಕ್ತಿಯ ಇಷ್ಟಕ್ಕೆ ತಕ್ಕ ಸಂಗೀತದ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದವರು. ಅವರ ಸಲಹೆ, ಚಡಪಡಿಕೆ ಏರುವ ಹೊತ್ತಿಗಿಂತ ಸುಮಾರು 30 ನಿಮಿಷ ಮೊದಲೇ ಹಾಡು ಶುರುವಾಗಬೇಕು. ಐದೂವರೆಗೆ ಕೂಗು ಏಳುವುದಾದರೆ ನೀವು ಐದಕ್ಕೇ ದೀಪ ಹಾಕಿ, ಟಿವಿ ಆರಿಸಿ, ಕಿಟಕಿಯ ಪರದೆ ಎಳೆದು ಕುಳಿತುಕೊಳ್ಳಬೇಕು. ಕೂಗು ಶುರುವಾದ ಮೇಲೆ ಹಚ್ಚಿದ ಹಾಡು ಇನ್ನೊಂದು ಕೂಗಾಗುತ್ತದೆ. ಹದಿನೈದು ಇಪ್ಪತ್ತು ನಿಮಿಷ ಸಾಕು, ಅರ್ಧ ತಾಸು ದಾಟಿಸಬೇಡಿ. ಆಮೇಲೆ ಮನೆ ನಿಶ್ಶಬ್ದವಾಗಿರಲಿ. ಸ್ಪೀಕರ್ ಬಳಸುವುದಾದರೆ ಅವರ ಕಣ್ಣಿಗೆ ಕಾಣುವಂತೆ ಎದುರಿಗೆ, ಒಂದು ಮೀಟರ್ ಒಳಗೆ ಇಡಿ. ಬೆನ್ನ ಹಿಂದಿನಿಂದ ಬರುವ ದನಿ ಯಾರದೆಂದು ತಿಳಿಯದೆ ಹೆದರುತ್ತಾರೆ. ನೀವು ಮಾಮೂಲಿ ದನಿಯಲ್ಲಿ ಆಡಿದ ಮಾತು ಹಾಡಿನ ಮೇಲೆಯೂ ಕೇಳಿಸುವಷ್ಟು ಮಾತ್ರ ಸದ್ದು ಇರಲಿ. ಕಿವಿಯಲ್ಲಿ ಗುಗ್ಗೆ ಕಟ್ಟಿದೆಯೇ ಎಂದು ಡಾಕ್ಟರಿಗೆ ಒಮ್ಮೆ ತೋರಿಸಿ. ಇಯರ್‌ಫೋನ್ ಬೇಡ. ಎಷ್ಟೋ ಹಿರಿಯರಿಗೆ ಕಿವಿಗೆ ಏನೋ ಹೊಕ್ಕಂತಾಗಿ ಕಿತ್ತೆಸೆಯುತ್ತಾರೆ, ಅಲ್ಲದೆ ಅದು ಅವರನ್ನು ನಿಮ್ಮಿಂದ ದೂರ ಮಾಡುತ್ತದೆ.

ಎಲ್ಲಕ್ಕಿಂತ ಒಳ್ಳೆಯದು ನಿಮ್ಮದೇ ದನಿ. ರಾಗ ಬಾರದಿದ್ದರೂ ನಡೆಯುತ್ತದೆ. ವಯಸ್ಸಾದ ಕಿವಿಗೆ ಮೊದಲು ತಪ್ಪುವುದು ತಾರಕದ ಸ್ವರ, ಆದ್ದರಿಂದ ಕೆಳಶ್ರುತಿಯಲ್ಲಿ, ನಿಧಾನವಾಗಿ ಹಾಡಿ. ಸೋಬಾನದಲ್ಲಿ ಒಬ್ಬರು ಹೇಳಿ ಉಳಿದವರು ಸೊಲ್ಲು ಹಿಡಿಯುತ್ತಾರಲ್ಲ, ಆ ಕಟ್ಟು ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಸಾಲಿನ ಕೊನೆಯ ಪದವನ್ನು ನೀವು ಹಾಡದೆ ಬಿಟ್ಟು ಅವರ ಮುಖ ನೋಡಿ. ಮನಸ್ಸಿನಲ್ಲೇ ಹತ್ತು ಎಣಿಸಿ. ಅಷ್ಟು ಹೊತ್ತು ಕಾಯುವುದು ಕಷ್ಟ, ಆದರೆ ಬಹುತೇಕರು ಮೂರಕ್ಕೇ ಸೋತು ತಾವೇ ಹಾಡಿಬಿಡುತ್ತಾರೆ, ಬಾಯಿಗೆ ಬರುತ್ತಿದ್ದ ಪದ ಅಲ್ಲೇ ಉಳಿಯುತ್ತದೆ. ಪದ ಬರಲಿ, ಬರೀ ತುಟಿ ಅಲುಗಲಿ, ಅದನ್ನೇ ಉತ್ತರವೆಂದು ಹಿಡಿದು ಮುಂದಿನ ಸಾಲಿಗೆ ಹೋಗಿ. "ನೆನಪೈತೇನು? ಯಾವ ಹಾಡು ಹೇಳ್ರಿ ನೋಡೋಣ" ಎಂದು ಮಾತ್ರ ಕೇಳಬೇಡಿ. ಅದು ಪರೀಕ್ಷೆ. ಅದರಲ್ಲಿ ಅವರು ಫೇಲಾಗುತ್ತಾರೆ, ಫೇಲಾದದ್ದು ಅವರಿಗೆ ತಿಳಿಯುತ್ತದೆ.

ಮಾತು ಹೋದ ಮೇಲೂ ಹಾಡು ಉಳಿಯುವುದಕ್ಕೆ ಕಾರಣ ಇದೆ. ಜರ್ಮನಿಯ ಲೈಪ್‌ಜಿಗ್‌ನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಹುಕಾಲದಿಂದ ಬಲ್ಲ ಹಾಡನ್ನು ಗುರುತಿಸುವಾಗ ಕೆಲಸ ಮಾಡುವ ಮಿದುಳಿನ ಭಾಗಗಳು ಆಲ್‌ಝೈಮರ್‌ನಲ್ಲಿ ಉಳಿದ ಭಾಗಗಳಷ್ಟು ಬೇಗ ಸವೆಯುವುದಿಲ್ಲ ಎಂದು ಕಂಡುಬಂತು. ಅವುಗಳಲ್ಲಿ ಒಂದು ಮೈಯ ಚಲನೆಯನ್ನು ಅಣಿಗೊಳಿಸುವ ಭಾಗ. ಕೈಗೆ ರೂಢಿಯಾದ ಕೆಲಸದ ನೆನಪೂ ಹೆಸರು, ತಾರೀಖುಗಳ ನೆನಪಿಗಿಂತ ತಡವಾಗಿ ಹೋಗುತ್ತದೆ.

ಅದಕ್ಕೇ ಬೀಸುವ ಪದದ ಬಗ್ಗೆ ಒಂದಿಷ್ಟು ಹೆಚ್ಚು ಬರೆಯುತ್ತೇವೆ. ಅದರಲ್ಲಿ ಹಾಡೂ ತೋಳಿನ ತಿರುವೂ ಒಟ್ಟಿಗೇ ಕಲಿತದ್ದು, ಒಂದು ಇನ್ನೊಂದನ್ನು ಎಳೆದು ತರುತ್ತದೆ. ಅತ್ತೆಯವರನ್ನು ತೋಳಿರುವ, ಗಾಲಿಯಿಲ್ಲದ ಕುರ್ಚಿಯಲ್ಲಿ ಕೂರಿಸಿ. ಪ್ಲಾಸ್ಟಿಕ್ ಕುರ್ಚಿಯಾದರೆ ಹಿಂದಕ್ಕೆ ಜಾರದಂತೆ ಗೋಡೆಗೆ ಆನಿಸಿ. ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಬೇಕು, ತಾಗದಿದ್ದರೆ ಕೆಳಗೆ ಮಣೆ ಇಡಿ. ಸೀರೆಯ ಅಂಚು ಕಾಲಡಿ ಸಿಗದಿರಲಿ. ನೀವು ಎದುರಿಗೆ, ಅವರ ಕಣ್ಣಿಗಿಂತ ತುಸು ಕೆಳಗೆ ಕುಳಿತು ನಿಮ್ಮ ಅಂಗೈ ಮೇಲ್ಮುಖವಾಗಿ ಚಾಚಿ. ಅವರ ಕೈ ಮೇಲಿರಬೇಕು, ನಿಮ್ಮದು ಕೆಳಗೆ. ಆಗ ನೀವು ಎಳೆದಂತಾಗುವುದಿಲ್ಲ, ಬೇಡವಾದಾಗ ಅವರು ಕೈ ತೆಗೆದುಕೊಳ್ಳಬಹುದು. ಮೊದಲು ಬರೀ ಹಾಡಿ. ಎರಡನೆಯ ಸಾಲಿಗೆ ಕೈಯನ್ನು ಬೀಸುಕಲ್ಲಿನ ಗೂಟ ತಿರುಗಿಸುವ ಹಾಗೆ ಮೊರದಗಲ ಸುತ್ತಿಸಿ, ಒಂದು ಸಾಲಿಗೆ ಎರಡೋ ಮೂರೋ ಸುತ್ತು. ಸ್ವಲ್ಪ ಹೊತ್ತಿನಲ್ಲಿ ವೇಗವನ್ನು ಅವರೇ ನಿರ್ಧರಿಸುವುದು ನಿಮ್ಮ ಅಂಗೈಗೆ ಗೊತ್ತಾಗುತ್ತದೆ. ಆಗ ನೀವು ಅವರ ವೇಗಕ್ಕೆ ಹಾಡಿ. ಮೊದಲ ವಾರ ಐದು ನಿಮಿಷ, ಆಮೇಲೆ ಹತ್ತು.

ಕೂತೇ ಮಾಡುವ ಬೇರೆ ಚಲನೆಗಳೂ ಇವೆ. ಹಳೆಯ ಮೆತ್ತನೆಯ ದುಪ್ಪಟ್ಟಾದ ಒಂದೊಂದು ತುದಿ ಹಿಡಿದು ತೂಗುವುದು, ಮೊಮ್ಮಗನ ಅಂಗೈಗೆ ಅಂಗೈ ತಟ್ಟುವುದು, ಹಿಮ್ಮಡಿಯೂರಿ ಮುಂಗಾಲು ತಟ್ಟುವುದು, ಟವೆಲ್ ಮಡಚುವುದು. ಕೋಲಾಟದ ಕೋಲು ಬೇಡ, ಬೆರಳಿಗೆ ಪೆಟ್ಟಾಗುತ್ತದೆ. ಹತ್ತಿ, ಮಣಿ, ಕಾಳು ಮುಂದಿಟ್ಟರೆ ಪಕ್ಕದಲ್ಲೇ ಇರಿ, ಈ ಹಂತದಲ್ಲಿ ಬಾಯಿಗೆ ಹಾಕಿಕೊಳ್ಳುತ್ತಾರೆ. ಊಟವಾಗಿ ಒಂದು ತಾಸು ಕಳೆದಿರಲಿ. ತೋಳನ್ನು ಭುಜಕ್ಕಿಂತ ಮೇಲೆ ನೀವಾಗಿ ಎತ್ತಬೇಡಿ, ಸೊಂಟ ತಿರುಚಿಸಬೇಡಿ, ಮಣಿಕಟ್ಟು ಹಿಡಿದು ಎಬ್ಬಿಸಬೇಡಿ. ಏಳುವುದಾದರೆ ಹಾಸಿಗೆಯ ಅಂಚಿನಲ್ಲಿ ಎರಡು ನಿಮಿಷ ಕೂರಿಸಿ ಆಮೇಲೆ. ಒಮ್ಮೆಲೇ ನಿಂತರೆ ರಕ್ತದೊತ್ತಡ ಇಳಿದು ಬೀಳುತ್ತಾರೆ. ನಡೆಸುವಾಗ ಮಾತಾಡಿಸಬೇಡಿ. ಹೆಜ್ಜೆ ಮತ್ತು ಮಾತು ಎರಡನ್ನೂ ಒಟ್ಟಿಗೆ ಸಂಭಾಳಿಸಲು ಆಗುವುದಿಲ್ಲ, ಹೆಜ್ಜೆಗೆ ತಕ್ಕ ಗುನುಗು ಸಾಕು. ಏದುಸಿರು, ತಣ್ಣನೆ ಬೆವರು, ಮುಖ ಬಿಳಿಚುವುದು ಕಂಡರೆ ಅಲ್ಲಿಗೇ ನಿಲ್ಲಿಸಿ.

ಜಳಕದ ಹೊಡೆತಕ್ಕೆ ಬರೋಣ. ಅದು ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆ. ಯಾರೋ ಬಂದು ಬಟ್ಟೆ ಬಿಚ್ಚುತ್ತಿದ್ದಾರೆ, ತಲೆಯ ಮೇಲಿಂದ ನೀರು ಸುರಿಯಿತು ಎಂದಷ್ಟೇ ಅವರಿಗೆ ತಿಳಿಯುತ್ತದೆ. ನೋಟದ ಅಗಲವೂ ಕಿರಿದಾಗಿರುವುದರಿಂದ ಪಕ್ಕದಿಂದ ಬಂದ ಕೈ ದಿಢೀರನೆ ಎರಗಿದಂತಿರುತ್ತದೆ. ಎದುರಿನಿಂದ ಬನ್ನಿ, ನಿಲ್ಲಿ, ನೀವು ಕರೆಯುವ ರೂಢಿಯ ಹಾಗೆಯೇ ಕರೆಯಿರಿ, ನಿಮ್ಮ ಕೈ ಕೊಡಿ, ಅವರು ಹಿಡಿಯಲಿ. ತಂಬಿಗೆಯನ್ನು ತೋರಿಸಿ ಅವರ ಕೈಗೇ ಕೊಡಿ. ನೀರಿನ ಬಿಸಿಯನ್ನು ಮೊಳಕೈಯಿಂದ ನೋಡಿ ಮೊದಲು ಪಾದಕ್ಕೆ, ಆಮೇಲೆ ಮೊಣಕಾಲಿಗೆ, ಹೀಗೆ ಮೇಲೆ ಬನ್ನಿ. ಹೆಗಲ ಮೇಲೆ ಒಂದು ತೆಳು ಬಟ್ಟೆ ಹೊದಿಸಿ ಅದರ ಕೆಳಗೇ ಮೈ ಒರೆಸಬಹುದು. ತಲೆಸ್ನಾನವನ್ನು ಬೇರೆ ದಿನಕ್ಕಿಡಿ. ಪ್ರತಿದಿನ ಜಳಕಕ್ಕೆ ಒಂದೇ ಧಾಟಿ ಗುನುಗಿ. ಕೆಲವು ವಾರಗಳಲ್ಲಿ ಆ ಧಾಟಿಯೇ "ಈಗ ಜಳಕ" ಎಂದು ಹೇಳತೊಡಗುತ್ತದೆ. ಬಚ್ಚಲಿಗೆ ಸ್ಪೀಕರ್ ಒಯ್ಯಬೇಡಿ, ಗೋಡೆಗಳು ಸದ್ದನ್ನು ಒಡೆದು ವಾಪಸು ಎಸೆಯುತ್ತವೆ.

ಸೆರಗು ಎಳೆದಾಡುವುದಕ್ಕೆ ಹಾಡಿನಲ್ಲಿ ಔಷಧ ಹುಡುಕುವ ಮೊದಲು ಕಾರಣ ಹುಡುಕಿ. ಮೂತ್ರಕ್ಕೆ ಹೋಗಬೇಕೇ, ಸೆಕೆಯೇ, ಮೂರು ದಿನದಿಂದ ಮಲ ಆಗಿಲ್ಲವೇ, ಹಲ್ಲು ನೋವೇ? ಮಾತಿಲ್ಲದವರ ನೋವನ್ನು ಅಳೆಯಲು 2003ರಿಂದ ಪೇನ್ಯಾಡ್ (PAINAD) ಎಂಬ ಮಾಪಕ ಬಳಕೆಯಲ್ಲಿದೆ. ಉಸಿರಾಟ, ನರಳುವ ದನಿ, ಮುಖಭಾವ, ಮೈಯ ಬಿಗಿತ, ಸಮಾಧಾನಪಡಿಸಿದರೆ ಸುಮ್ಮನಾಗುತ್ತಾರೋ ಇಲ್ಲವೋ, ಈ ಐದಕ್ಕೂ 0ರಿಂದ 2ರವರೆಗೆ ಅಂಕ, ಒಟ್ಟು 10. ಮನೆಯಲ್ಲಿ ಅಂಕ ಹಾಕದಿದ್ದರೂ ಈ ಐದನ್ನು ಇದೇ ಕ್ರಮದಲ್ಲಿ ನೋಡಿ ಬರೆದುಕೊಂಡು ಹೋದರೆ ಡಾಕ್ಟರಿಗೆ ದಾರಿ ಸಿಗುತ್ತದೆ. ಒಂದೆರಡು ದಿನದಲ್ಲೇ ನಡವಳಿಕೆ ತೀರಾ ಬದಲಾದರೆ ಮೂತ್ರದ ಸೋಂಕು, ನಿರ್ಜಲತೆ, ಹೊಸ ಮಾತ್ರೆಯ ಪರಿಣಾಮ ಇರಬಹುದು. ಅದೇ ದಿನ ತೋರಿಸಿ.

ನೋವಿಲ್ಲದೆ, ಸುಮ್ಮನೆ ಒಂದೇ ಲಯದಲ್ಲಿ "ಆ... ಆ..." ಎನ್ನುತ್ತಿದ್ದರೆ ಅದೇ ಲಯದಲ್ಲಿ, ಇನ್ನೂ ಮೆಲ್ಲಗೆ, ನೀವೂ ಅನ್ನಿ. ಕುರ್ಚಿಯ ತೋಳು ತಟ್ಟುತ್ತಿದ್ದರೆ ನೀವೂ ತಟ್ಟಿ, ಅವರು ನಿಲ್ಲಿಸಿದಾಗ ನಿಲ್ಲಿಸಿ. ಅವರ ಮೊಮ್ಮಗ ಮಾಡುತ್ತಿರುವುದು ಇದನ್ನೇ. ಆದರೆ ಇದನ್ನು ನೋಡಿ ಯಾರೂ ನಗಕೂಡದು. ಅಣಕದ ನಗು ಮತ್ತು ಅಕ್ಕರೆಯ ನಗುವಿನ ವ್ಯತ್ಯಾಸ ಅವರಿಗೆ ಕೊನೆಯವರೆಗೂ ಗೊತ್ತಾಗುತ್ತದೆ ಎಂದು ನಂಬಿಯೇ ನಡೆದುಕೊಳ್ಳಬೇಕು.

ಐದು ನಿಮಿಷಕ್ಕೆ ಮರೆಯುತ್ತಾರಲ್ಲ ಎನ್ನುವ ಮನೆಯವರಿಗೆ ಇದನ್ನು ಓದಿ ಹೇಳಿ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು 2014ರಲ್ಲಿ ಆಲ್‌ಝೈಮರ್ ಇರುವವರಿಗೆ ದುಃಖದ, ಸಂತೋಷದ ಚಲನಚಿತ್ರ ತುಣುಕುಗಳನ್ನು ತೋರಿಸಿದರು. ನೋಡಿದ್ದನ್ನು ಅವರು ಬೇಗ ಮರೆತರು, ಆದರೆ ಅದು ತಂದ ಭಾವ ಹಾಗೇ ಉಳಿದಿತ್ತು. ಹಾಡು ಮರೆತರೂ ಹಾಡಿನ ನೆಮ್ಮದಿ ಸಂಜೆಯ ಊಟದವರೆಗೆ ಬಂದರೆ ನಿಮಗೂ ಅವರಿಗೂ ಅದು ಸಣ್ಣದಲ್ಲ. ಇದಕ್ಕಿಂತ ದೊಡ್ಡ ಭರವಸೆಯನ್ನು ನಾವು ಕೊಡುವುದಿಲ್ಲ. ಸಂಶೋಧನೆಗಳನ್ನೆಲ್ಲ ಒಟ್ಟುಗೂಡಿಸಿ ತೂಗಿದ ಕೊಕ್ರೇನ್ ವಿಮರ್ಶೆ 2018ರಲ್ಲಿ ಹೇಳಿದ್ದು ಇಷ್ಟು: ಕನಿಷ್ಠ ಐದು ಬಾರಿಯಾದರೂ ಸಂಗೀತ ಚಿಕಿತ್ಸೆ ಪಡೆದವರಲ್ಲಿ ಖಿನ್ನತೆ ತಗ್ಗುವ ಸಂಭವವಿದೆ, ಆದರೆ ಚಡಪಡಿಕೆ ಮತ್ತು ಹೊಡೆತ-ಬಡಿತದ ಮೇಲೆ ಗುಣ ಕಾಣಲಿಲ್ಲ. ಕಾಯಿಲೆ ಹಿಂದಕ್ಕೆ ಹೋಗುವುದಿಲ್ಲ. ಮಾತ್ರೆಗಳನ್ನು ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.

ಇದೇ ಸ್ಥಿತಿಯಲ್ಲಿರುವ ಬೇರೆ ಓದುಗರಿಗೂ ಒಂದು ಮಾತು. ಡಿಮೆನ್ಶಿಯಾ, ಅಂದರೆ ನೆನಪು ಮತ್ತು ಯೋಚನೆಯ ಶಕ್ತಿ ಕುಂದುವ ಕಾಯಿಲೆ, ಎಲ್ಲರಲ್ಲೂ ಆಲ್‌ಝೈಮರ್ ಅಲ್ಲ. ಮಿದುಳಿನ ಮುಂಭಾಗದಿಂದ ಶುರುವಾಗುವ ಬಗೆಯಲ್ಲಿ ಸಂಗೀತದ ರುಚಿಯೇ ಬದಲಾಗಬಹುದು, ಹಳೆಯ ಇಷ್ಟ ಈಗ ಕಿರಿಕಿರಿಯಾಗಬಹುದು. ಲೂಯಿ ಬಾಡಿ ಎಂಬ ಇನ್ನೊಂದು ಬಗೆಯಲ್ಲಿ ಮೈ ಸೆಡೆತುಕೊಂಡು ಬೀಳುವ ಅಪಾಯ ಹೆಚ್ಚು, ಅಲ್ಲಿ ಇಲ್ಲದ ಜನ ಕಣ್ಣಿಗೆ ಕಂಡಂತಾಗುತ್ತದೆ. ಅವರಿಗೆ ಕಾಣದ ದನಿಯ ಹಾಡು ಬೇಡ, ಎದುರಿಗೆ ಕುಳಿತೇ ಹಾಡಿ.

ನಿಮಗೆ ಹತ್ತಿರವೆಂದರೆ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಡಿಮ್ಹಾನ್ಸ್. ಹಿರಿಯರ ಸಹಾಯವಾಣಿ 14567. ನಿಮಗೇ ಸಾಕೆನಿಸಿದ ರಾತ್ರಿ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಸಂಜೆಯ ಆ ಇಪ್ಪತ್ತು ನಿಮಿಷವನ್ನು ವಾರದಲ್ಲಿ ಎರಡು ದಿನವಾದರೂ ನಿಮ್ಮ ಯಜಮಾನರು ವಹಿಸಿಕೊಳ್ಳಲಿ. ತಾಯಿಯ ಕೈ ಹಿಡಿದು ಸುತ್ತಿಸಲು ಅವರಿಗೆ ಹಾಡು ಬರಬೇಕಿಲ್ಲ.

ಕೊನೆಯದಾಗಿ, ಉಣ್ಣಿಸುವಾಗ ಮಾತ್ರ ಹಾಡಬೇಡಿ, ಹಾಡಿಸಬೇಡಿ. ಬಾಯಲ್ಲಿ ತುತ್ತಿರುವಾಗ ದನಿ ತೆಗೆಯಲು ಹೋದರೆ ಅನ್ನ ಶ್ವಾಸನಾಳಕ್ಕೆ ಇಳಿಯುತ್ತದೆ. ಹಾಡು ಮುಗಿದು ಹತ್ತು ನಿಮಿಷವಾದ ಮೇಲೆ, ಬೆನ್ನು ನೆಟ್ಟಗೆ ಕೂರಿಸಿ, ಮೊದಲ ತುತ್ತು ಪೂರ್ತಿ ಇಳಿದದ್ದನ್ನು ನೋಡಿ ಎರಡನೆಯದನ್ನು ಕೊಡಿ.

ಸಂಪಾದಕರು