ಇಳಿತದಲ್ಲಿ ಹೊಳೆ ದಾಟಬಹುದಾ? ಇಲ್ಲ

ಗೋಕರ್ಣದಿಂದ ಹೊನ್ನಾವರದ ತನಕ ಕಡಲ ಬದಿಯಲ್ಲೇ ಮೂರ್ನಾಲ್ಕು ದಿನ ನಡೆಯುವವರು ಈಗ ಜಾಸ್ತಿಯಾಗಿದ್ದಾರೆ. ಸಂತೋಷ. ಆದರೆ ಪ್ರತಿ ಚಳಿಗಾಲವೂ ನನಗೆ ಬರುವ ಪ್ರಶ್ನೆಗಳು ಮಾತ್ರ ಅವೇ. ಬೂಟು, ಟೊಪ್ಪಿ, ನೀರಿನ ಬಾಟಲಿ ಬಗ್ಗೆ ನಾನು ಏನೂ ಹೇಳೋದಿಲ್ಲ. ಅಷ್ಟು ಗೊತ್ತಿಲ್ಲದವರು ಹೊರಡಲೇಬೇಡಿ.

ಪ್ರಶ್ನೆ: ತದಡಿಯಲ್ಲಿ ಅಘನಾಶಿನಿ ಹೊಳೆ ನಕ್ಷೆಯಲ್ಲಿ ಸಣ್ಣದಾಗಿ ಕಾಣುತ್ತದೆ. ಇಳಿತದ ಹೊತ್ತಿಗೆ ನಡೆದೋ ಈಜಿಯೋ ದಾಟಬಹುದಾ? ಹೆಂಗಸರು ಸೊಂಟದ ನೀರಿನಲ್ಲಿ ನಿಂತ ವಿಡಿಯೊ ನೋಡಿದ್ದೇವೆ.

ದಾಟಬಾರದು. ಈಜು ಬಂದರೂ ದಾಟಬಾರದು.

ತದಡಿ ಒಂದು ಮೀನುಗಾರಿಕೆ ಬಂದರು. ದೊಡ್ಡ ಬೋಟುಗಳು ಕಡಲಿಗೆ ಹೋಗಿ ಬರುವುದು ಇದೇ ಅಳಿವೆಯಿಂದ, ಅಂದರೆ ಹೊಳೆ ಕಡಲು ಸೇರುವ ಬಾಯಿಂದ. ತುಂಬಿದ ಬೋಟು ತೇಲುವಷ್ಟು ನೀರಿದ್ದ ಕಡೆ ನಿಮ್ಮ ಕಾಲು ನೆಲಕ್ಕೆ ತಾಗುತ್ತದಾ? ಇಷ್ಟು ಯೋಚಿಸಿದರೂ ಸಾಕಿತ್ತು.

ಇನ್ನು ಇಳಿತದ ಮಾತು. ನೀರು ಇಳಿದಿದೆ ಅಂದರೆ ನೀರು ಸುಮ್ಮನಿದೆ ಅಂತ ಎಲ್ಲರೂ ತಿಳಿದುಕೊಂಡಿದ್ದಾರೆ. ಆಗುವುದು ಉಲ್ಟಾ. ಉಬ್ಬರದಲ್ಲಿ ಹೊಳೆಯೊಳಗೆ ನುಗ್ಗಿದ ಕಡಲ ನೀರೆಲ್ಲ ವಾಪಸ್ ಹೋಗಬೇಕು. ಅದರ ಜೊತೆ ಹೊಳೆಯ ಸ್ವಂತ ನೀರೂ ಇದೆ. ಎರಡೂ ಸೇರಿ ಒಂದೇ ಬಾಯಿಂದ ಹೊರಗೆ ಓಡುತ್ತವೆ. ಇಳಿತ ಅರ್ಧಕ್ಕೆ ಬಂದಾಗ ಎಳೆತ ಜೋರು. ನೀವು ಆಚೆ ದಡಕ್ಕೆ ಮುಖ ಮಾಡಿ ಈಜುತ್ತೀರಿ, ಹೊಳೆ ನಿಮ್ಮನ್ನು ಕಡಲಿನ ಕಡೆ ಒಯ್ಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಇನ್ನೂ ಜೋರು. ಅಷ್ಟಮಿಯ ಹೊತ್ತಿಗೆ ಏರಿಳಿತ ಕಡಿಮೆ. ಹಾಗಂತ ಅಷ್ಟಮಿಯ ದಿನ ಇಳಿದುಬಿಡಬೇಡಿ.

ವಿಡಿಯೊದಲ್ಲಿರುವ ಹೆಂಗಸರು ಹೊಳೆ ದಾಟುತ್ತಿಲ್ಲ, ಬಳಚು (ತಿನ್ನುವ ಚಿಪ್ಪು) ಆಯುತ್ತಿದ್ದಾರೆ. ಅಳಿವೆಯ ಒಳಗಡೆ, ಕೆಸರು-ಮರಳಿನ ದಿಬ್ಬ ಎಲ್ಲಿ ಮುಗಿಯುತ್ತದೆ ಅಂತ ಕಾಲಿಗೇ ಗೊತ್ತಿರುವ ಜಾಗದಲ್ಲಿ ನಿಂತಿದ್ದಾರೆ. ನೀರು ತಿರುಗುವ ಮೊದಲು ಹೊರಡಬೇಕು ಅನ್ನುವುದೂ ಅವರಿಗೆ ಗೊತ್ತು. ಅವರ ಹೊಟ್ಟೆಪಾಡನ್ನು ನೋಡಿ ನೀವು ಆಳ ಅಳೆಯಬೇಡಿ.

ಆ ಬಳಚು ಅಲ್ಲಿ ಸುಮ್ನೆ ಬಂದದ್ದಲ್ಲ. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ಶಿರಸಿಯ ಕಡೆಯ ಘಟ್ಟದ ಸಿಹಿನೀರು, ಮಣ್ಣು, ಕೊಳೆತ ಎಲೆ ಎಲ್ಲವೂ ಅಳಿವೆಯ ತನಕ ಬರುತ್ತದೆ. ಚಿಪ್ಪು, ಸಿಗಡಿ, ಏಡಿ, ಮೀನು ಎಲ್ಲಕ್ಕೂ ಅದೇ ಊಟ. ದಂಡೆಯ ಗಜನಿ, ಅಂದರೆ ಉಪ್ಪು ನೀರು ನುಗ್ಗುವ ತಗ್ಗಿನ ಗದ್ದೆಗಳಲ್ಲಿ ಬೆಳೆಯುವ ಕಗ್ಗ ಭತ್ತ ಉಪ್ಪು ನೀರನ್ನೂ ನೆರೆಯನ್ನೂ ತಡೆದುಕೊಳ್ಳುತ್ತದೆ. ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಮೀನು, ಸಿಗಡಿ. ಸ್ವಲ್ಪ ಪಕ್ಕದಲ್ಲಿ ಸಾಣಿಕಟ್ಟೆಯ ಉಪ್ಪಿನ ಆಗರ. ಸುಮಾರು 4,801 ಹೆಕ್ಟೇರಿನ ಈ ಅಳಿವೆ 2024ರ ಜನವರಿಯಲ್ಲಿ ರಾಮ್‌ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಮೂರು ದಿನದ ನಡಿಗೆಯಲ್ಲಿ ನೋಡಲೇಬೇಕಾದ ಜಾಗ ಒಂದಿದ್ದರೆ ಇದು. ಜನ ಮಾತ್ರ ಇದನ್ನು ಹೇಗೆ ಬೇಗ ದಾಟುವುದು ಅಂತ ಕೇಳುತ್ತಾರೆ!

ದಾಟುವುದು ತಾರಿಯಲ್ಲಿ, ಅಂದರೆ ಜನರನ್ನು ದಾಟಿಸುವ ದೋಣಿಯಲ್ಲಿ. ತದಡಿಯಲ್ಲಿ ಹತ್ತಿ, ಆಚೆ ಅಘನಾಶಿನಿ ಊರಿನಲ್ಲಿ ಇಳಿಯಿರಿ. ತಾರಿಯಣ್ಣ ‘ಈಗ ಬೇಡ, ಗಾಳಿ ಇದೆ’ ಅಂದರೆ ದುಡ್ಡು ಜಾಸ್ತಿ ಕೊಡುತ್ತೇನೆ ಅನ್ನಬೇಡಿ. ತಾರಿ ತಪ್ಪಿತಾ? ಹೆದ್ದಾರಿಗೆ ಹೋಗಿ ಬಸ್ಸು ಹಿಡಿದು ದೀವಗಿ ಸೇತುವೆಯಿಂದ ಆಚೆ ಹೋಗಿ. ದಾರಿಯಲ್ಲೇ ಮಿರ್ಜಾನ ಕೋಟೆ ಸಿಗುತ್ತದೆ. ಕಾಳುಮೆಣಸಿನ ವ್ಯಾಪಾರಕ್ಕೆ ಹೆಸರಾದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ನೆನಪು ಅಲ್ಲಿದೆ. ಬಸ್ಸು ಹತ್ತಿದರೆ ಚಾರಣ ಅಶುದ್ಧವಾಗುತ್ತದೆ ಅನ್ನುವವರ ಜೊತೆ ನಾನು ವಾದ ಮಾಡೋದಿಲ್ಲ.

ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ಇದೆ. ಶುರುವಿನ ವರ್ಷಗಳಲ್ಲಿ ನಾನೂ ಗೋಕರ್ಣದ ಹಾಫ್ ಮೂನ್ ಬೀಚ್ ದಾಟಿ, ಗುಡ್ಡದ ದಾರಿ ಬಿಟ್ಟು, ಬಂಡೆಯ ಬುಡದಲ್ಲೇ ಪ್ಯಾರಡೈಸ್ ಬೀಚ್ ಕಡೆ ಹೊರಟಿದ್ದೆ. ಉಬ್ಬರ ಬಂತು. ಹಿಂದೆಯೂ ನೀರು, ಮುಂದೆಯೂ ನೀರು. ಜಂಬಿಟ್ಟಿಗೆಯ ಅಂಚಿನ ಮೇಲೆ ನಾಲ್ಕು ತಾಸು ಕೂತಿದ್ದೆ. ಹಿಂದಿನ ದಿನದ ಸಮಯವನ್ನೇ ನಂಬಿದ್ದು ನನ್ನ ತಪ್ಪು. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಆ ಲೆಕ್ಕ ಪ್ರತಿ ಬೆಳಿಗ್ಗೆ ಹೊಸದಾಗಿ ಹಾಕಬೇಕು.

ಪ್ರಶ್ನೆ: ಮಳೆಗಾಲದಲ್ಲಿ ಹಸಿರು ಚೆನ್ನಾಗಿರುತ್ತದಂತೆ. ಜುಲೈನಲ್ಲಿ ಬರಬಹುದಾ?

ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳೇ ಕಡಲಿಗೆ ಇಳಿಯುವಂತಿಲ್ಲ. ಆಗ ನೀವು ಘಟ್ಟಕ್ಕೆ ಹೋಗಿ.

ಪ್ರಶ್ನೆ: ಕಡಲ ಹಾವಿಗೆ ವಿಷ ಇಲ್ಲವಂತೆ, ಹೌದಾ? ಕಚ್ಚಿದರೆ ಹಾವಿನ ಕಲ್ಲು ಇಟ್ಟರೆ ಸಾಕಂತೆ?

ಈ ‘ಅಂತೆ’ಗಳನ್ನು ಹಬ್ಬಿಸುವವರು ನನ್ನ ಕೈಗೆ ಸಿಗಬೇಕು. ಕಡಲ ಹಾವಿನ ವಿಷ ಘೋರ. ಬಾಲ ದೋಣಿಯ ಹುಟ್ಟಿನ ಹಾಗೆ ಚಪ್ಪಟೆ ಇದ್ದರೆ ಅದೇ. ದಡದಿಂದ ಎಳೆಯುವ ದೊಡ್ಡ ರಂಪಣಿ ಬಲೆ ಎಳೆದಾಗ ಮೀನಿನ ಜೊತೆ ಬಂದು ಮರಳಲ್ಲಿ ಬಿದ್ದಿರುತ್ತದೆ. ಸತ್ತಿದೆ ಅಂತ ಮುಟ್ಟಲು ಹೋಗಬೇಡಿ. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಕ್ಕೆ ಮಾಡಿದ್ದು, ಇದಕ್ಕಲ್ಲ. ಹಾಗಾಗಿ ಕಚ್ಚಿಸಿಕೊಂಡವರನ್ನು ಅಲುಗಾಡಿಸದೆ, ಉಸಿರಾಟಕ್ಕೆ ನೆರವು ಕೊಡಬಲ್ಲ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು. ಕಲ್ಲು ಇಡುವವನ ಮನೆಗೆ ಹೋಗಿ ಕೂತ ಒಂದೊಂದು ನಿಮಿಷವೂ ನಷ್ಟ.

ಪ್ರಶ್ನೆ: ಜೆಲ್ಲಿಫಿಶ್ ತಾಗಿದರೆ ಮೂತ್ರ ಹಾಕಬೇಕಾ?

ಬೇಡ. ದಯವಿಟ್ಟು ಬೇಡ.

ಪ್ರಶ್ನೆ: ರಾತ್ರಿ ಬೀಚಿನಲ್ಲಿ ಬೆಂಕಿ ಹಾಕಿ ಕೂರಬಹುದಾ?

ಚಳಿಗಾಲದಲ್ಲಿ ಹೊನ್ನಾವರದ ಕಾಸರಕೋಡಿನ ಕಡೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡಲು ಬರುತ್ತವೆ. ಗಲಾಟೆ, ಬೆಳಕು ಕಂಡರೆ ತಾಯಿ ಆಮೆ ಮೊಟ್ಟೆ ಇಡದೆ ಹಿಂದೆ ಹೋಗಬಹುದು. ಮರಿಗಳು ಬೆಳಕಿದ್ದ ಕಡೆ ಹರಿದು ಬರುತ್ತವೆ. ನಿಮ್ಮ ಬೆಂಕಿ ಅವುಗಳಿಗೆ ಕಡಲಿನ ದಾರಿ ತಪ್ಪಿಸುತ್ತದೆ. ಊರೊಳಗೆ ಕೋಣೆ ಹಿಡಿದು ಮಲಗಿ.

ಪ್ರಶ್ನೆ: ಈ ಕಡೆಯ ಹಾಲಕ್ಕಿ ಸಮುದಾಯದ ಹೆಂಗಸರ ಫೋಟೊ ಎಲ್ಲಿ ಚೆನ್ನಾಗಿ ಸಿಗುತ್ತದೆ?

ಅವರು ದಾರಿಬದಿಯ ನೋಟ ಅಲ್ಲ. ಪದ್ಮಶ್ರೀ ಪಡೆದ ಸುಕ್ರಿ ಬೊಮ್ಮಗೌಡ, ತುಳಸಿ ಗೌಡ ಇಬ್ಬರೂ ಈ ಸಮುದಾಯದವರೇ. ಒಬ್ಬರು ಹಾಡಿಗೆ, ಇನ್ನೊಬ್ಬರು ಗಿಡಮರದ ತಿಳಿವಳಿಕೆಗೆ ಹೆಸರಾದವರು. ಮೊದಲು ಮಾತಾಡಿಸಿ, ‘ತೆಗೀಲಾ ಅಮ್ಮ?’ ಅಂತ ಕೇಳಿ. ಬೇಡ ಅಂದರೆ ಕ್ಯಾಮೆರಾ ಒಳಗೆ ಹಾಕಿ.

ಪ್ರಶ್ನೆ: ಸಂಜೆ ಕೊನೆಯ ತಾರಿ ಎಷ್ಟು ಗಂಟೆಗೆ?

ನನ್ನನ್ನು ಕೇಳಬೇಡಿ, ತಾರಿಯವರನ್ನು ಕೇಳಿ. ಹಿಂದಿನ ದಿನವೇ ಕೇಳಿ.